ಮಳೆಯ ಲೆಕ್ಕ ಮತ್ತು ಗಣಕಯಂತ್ರದ ಸ್ಮೃತಿ: ಸಾಂಖ್ಯಿಕ ತಂತ್ರಾಂಶಗಳಲ್ಲಿ ಉಂಟಾಗುವ ಸ್ಥಳಾಭಾವ, ಅದರ ಕಾರಣ ಮತ್ತು ಪರಿಹಾರ

ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಅವಗಾಹನೆಗಾಗಿ ಈ ವಿವರಣಾ ಲೇಖನವನ್ನು ಪ್ರಕಟಿಸಲಾಗಿದೆ. ಮಳೆ, ಬೆಳೆ, ಅಂತರ್ಜಲ, ಕುಡಿಯುವ ನೀರು ಮುಂತಾದ ವಿಷಯಗಳಲ್ಲಿ ಸದಸ್ಯರ ಮುಂದೆ ಬರುವ ವರದಿಗಳು ಸಿದ್ಧಗೊಂಡ ಅಂಕಿಗಳಾಗಿಯೇ ಬರುತ್ತವೆ. ಆ ಅಂಕಿಗಳು ಮೂಲ ದಾಖಲೆಯಿಂದ ವರದಿಯ ಪುಟಕ್ಕೆ ಬರುವ ದಾರಿಯಲ್ಲಿ ಗಣಕಯಂತ್ರವೊಂದರ ಮೂಲಕ ಹಾದು ಬಂದಿರುತ್ತವೆ. ಗಣಕಯಂತ್ರದ ಸ್ಮೃತಿ, ಅಂದರೆ ರೂಢಿಯ ಮಾತಿನಲ್ಲಿ ಮೆಮೊರಿ, ಸಾಲದೆ ಹೋದಾಗ ಆ ದಾರಿಯಲ್ಲಿ ಏನಾಗಬಹುದು, ಅದನ್ನು ಸರಿಪಡಿಸುವ ಕ್ರಮವೇನು, ಸದಸ್ಯರು ಯಾವುದನ್ನು ವಿಚಾರಿಸಬೇಕು ಎಂಬುದನ್ನು ಇಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಕುಂತೂರನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸಲಾಗಿದೆ.

1. ಈ ವಿಷಯ ಸದಸ್ಯರಿಗೆ ಏಕೆ ಸಂಬಂಧಿಸಿದ್ದು?

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭಗೊಂಡ ಸಂಸ್ಥೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದ್ದು, ರಾಜ್ಯದಾದ್ಯಂತ ಆರು ಸಾವಿರಕ್ಕೂ ಮಿಕ್ಕ ಮಾಪಕಗಳು ಪ್ರತಿ 15 ನಿಮಿಷಕ್ಕೊಮ್ಮೆ ಮಳೆಯ ಪ್ರಮಾಣವನ್ನು ದಾಖಲಿಸುತ್ತವೆ. ರೈತರು ಕರೆ ಮಾಡಿ ಮುನ್ಸೂಚನೆ ಪಡೆಯುವ ವರುಣ ಮಿತ್ರ ಸೇವೆಯೂ ಇದೇ ಕೇಂದ್ರದ್ದು.

ಈ ದತ್ತಾಂಶ ಹವಾಮಾನದ ಕುತೂಹಲಕ್ಕೆ ಮಾತ್ರ ಬಳಕೆಯಾಗುವುದಿಲ್ಲ. ತೋಟಗಾರಿಕೆ ಬೆಳೆಗಳ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರವನ್ನು ನಿರ್ಧರಿಸುವಾಗ ಮಳೆಯ ದಾಖಲೆಯೇ ಮುಖ್ಯ ಆಧಾರ. ಬರ ಘೋಷಣೆಯ ಮಾನದಂಡಗಳಲ್ಲಿಯೂ ಮಳೆಯ ಕೊರತೆ ಮತ್ತು ಸತತ ಒಣಹವೆಯ ಅವಧಿಗೆ ಪ್ರಮುಖ ಸ್ಥಾನವಿದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಅಂತಹ ಪ್ರತಿಯೊಂದು ನಿರ್ಣಯದ ಹಿಂದೆಯೂ ದಿನದಿನದ ಮಳೆಯ ಲೆಕ್ಕವಿರುತ್ತದೆ.

ನಮ್ಮ ಭಾಗದಲ್ಲಿ ಈ ಲೆಕ್ಕ ಇನ್ನಷ್ಟು ಸೂಕ್ಷ್ಮವಾದುದು. ಬಿಳಿಗಿರಿರಂಗನ ಬೆಟ್ಟದ ಮೇಲೆ ಬೀಳುವ ಮಳೆಗೂ ಅದರ ಬುಡದ ಯಳಂದೂರು, ಕೊಳ್ಳೇಗಾಲದ ಬಯಲಿನಲ್ಲಿ ಬೀಳುವ ಮಳೆಗೂ ಹೋಲಿಕೆಯಿಲ್ಲ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಪರಿಸ್ಥಿತಿ ಬೇರೆಯೇ ಆಗಿದೆ. ಒಂದು ಊರಿನಲ್ಲಿ ಕೆರೆ ತುಂಬಿದ ದಿನ ಪಕ್ಕದ ಊರಿನಲ್ಲಿ ಹೊಲ ನೆನೆಯದಿರುವುದುಂಟು. ಆದುದರಿಂದಲೇ ಮಾಪಕವನ್ನು ಪಂಚಾಯಿತಿ ಮಟ್ಟದವರೆಗೆ ತರಲಾಗಿದೆ. ಮಾಪಕ ಊರಿನವರೆಗೆ ಬಂದರೂ ಲೆಕ್ಕ ಮಾಡುವ ಯಂತ್ರದಲ್ಲಿ ಜಾಗ ಸಾಲಲಿಲ್ಲವೆಂಬ ಕಾರಣಕ್ಕೆ ಊರಿನ ಅಂಕಿ ಸರಾಸರಿಯಲ್ಲಿ ಕರಗಿಹೋದರೆ, ಮಾಪಕವನ್ನು ನೆಟ್ಟ ಉದ್ದೇಶವೇ ವಿಫಲವಾಗುತ್ತದೆ.

2. ಕಣಜ ಮತ್ತು ಕಣ

ಗಣಕಯಂತ್ರದಲ್ಲಿ ದತ್ತಾಂಶ ಇರುವ ಸ್ಥಳಗಳು ಎರಡು. ಮೊದಲನೆಯದು ಶೇಖರಣೆಯ ಡಿಸ್ಕ್. ಇದು ಕಣಜವಿದ್ದಂತೆ, ವಿದ್ಯುತ್ ಹೋದರೂ ಅದರಲ್ಲಿರುವುದು ಉಳಿಯುತ್ತದೆ ಮತ್ತು ವಿಸ್ತಾರವೂ ಹೆಚ್ಚು. ಎರಡನೆಯದು ರ್‍ಯಾಮ್ ಎಂದು ಕರೆಯುವ ಸ್ಮೃತಿ. ಇದು ಒಕ್ಕಣೆಯ ಕಣವಿದ್ದಂತೆ; ಕೆಲಸ ನಡೆಯುವುದು ಇಲ್ಲಿಯೇ, ಆದರೆ ಜಾಗ ಕಡಿಮೆ. ಕಣಜದಲ್ಲಿ ನೂರು ಪಲ್ಲ ರಾಗಿ ಹಿಡಿಯುತ್ತದೆಂದ ಮಾತ್ರಕ್ಕೆ ಕಣದಲ್ಲಿ ಒಂದೇ ಬಾರಿಗೆ ಅಷ್ಟು ತೆನೆಯನ್ನು ಹರಡಲಾಗದು. ಡಿಸ್ಕಿನಲ್ಲಿ 500 ಜಿ.ಬಿ. ಖಾಲಿ ಇದ್ದರೂ ಗಣಕಯಂತ್ರವು ಸ್ಮೃತಿ ಸಾಲದೆಂದು ಏಕೆ ಹೇಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಇದೆ.

ಸಾಂಖ್ಯಿಕ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಆರ್ ಎಂಬುದು ಒಂದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅವರು 1990ರ ದಶಕದಲ್ಲಿ ರೂಪಿಸಿದ ಈ ತಂತ್ರಾಂಶದ 1.0.0 ಆವೃತ್ತಿ 2000ದ ಫೆಬ್ರುವರಿ 29ರಂದು ಬಿಡುಗಡೆಯಾಯಿತು. ಇದು ಮುಕ್ತ ತಂತ್ರಾಂಶ, ಪರವಾನಗಿ ಶುಲ್ಕವಿಲ್ಲ. ಈ ಕಾರಣದಿಂದ ವಿಶ್ವವಿದ್ಯಾನಿಲಯಗಳಲ್ಲಿಯೂ ಸಂಶೋಧನಾ ಸಂಸ್ಥೆಗಳಲ್ಲಿಯೂ ಇದರ ಬಳಕೆ ವ್ಯಾಪಕವಾಗಿದೆ.

ಆರ್ ತಂತ್ರಾಂಶದ ಒಂದು ಸ್ವಭಾವವನ್ನು ಇಲ್ಲಿ ಗಮನಿಸಬೇಕು. ಸಾಮಾನ್ಯ ಬಳಕೆಯಲ್ಲಿ ಅದು ಕೈಗೆತ್ತಿಕೊಂಡ ಕೋಷ್ಟಕವನ್ನು ಸಂಪೂರ್ಣವಾಗಿ ಸ್ಮೃತಿಗೆ ತಂದುಕೊಂಡೇ ಕೆಲಸ ಆರಂಭಿಸುತ್ತದೆ. ಪೈಥಾನ್ ಭಾಷೆಯ ಪಾಂಡಾಸ್ ಎಂಬ ಸಾಧನದ ರೀತಿಯೂ ಇದೇ. ಸ್ಯಾಸ್ ಎಂಬ ಇನ್ನೊಂದು ತಂತ್ರಾಂಶವಾದರೋ ಅನೇಕ ಕೆಲಸಗಳಲ್ಲಿ ಡಿಸ್ಕಿನಿಂದ ಒಂದೊಂದೇ ಸಾಲನ್ನು ಓದುತ್ತ ಮುಂದುವರಿಯುತ್ತದೆ. ಮೊದಲನೆಯ ರೀತಿಯಲ್ಲಿ ವೇಗವಿದೆ, ಆದರೆ ಕಣ ದೊಡ್ಡದಿರಬೇಕು. ಎರಡನೆಯ ರೀತಿಯಲ್ಲಿ ಕಣ ಚಿಕ್ಕದಿದ್ದರೂ ನಡೆಯುತ್ತದೆ.

3. ಕುಂತೂರಿನ ಮಳೆಗೆ ಎಷ್ಟು ಜಾಗ ಬೇಕು?

ಲೆಕ್ಕವನ್ನು ಸದಸ್ಯರೇ ಮಾಡಿ ನೋಡಬಹುದು. 15 ನಿಮಿಷಕ್ಕೊಂದರಂತೆ ಒಂದು ಮಾಪಕದಿಂದ ದಿನಕ್ಕೆ 96 ದಾಖಲೆಗಳು, 365 ದಿನಗಳ ವರ್ಷಕ್ಕೆ 35,040 ದಾಖಲೆಗಳು ಬರುತ್ತವೆ. ಪ್ರತಿ ದಾಖಲೆಯಲ್ಲಿ ಮಾಪಕದ ಸಂಖ್ಯೆ, ದಿನಾಂಕ, ವೇಳೆ, ಮಳೆಯ ಪ್ರಮಾಣ ಎಂಬ ನಾಲ್ಕು ಅಂಕಣಗಳಿವೆಯೆಂದು ಇಟ್ಟುಕೊಳ್ಳೋಣ. ಆರ್ ತಂತ್ರಾಂಶವು ದಶಾಂಶ ಸಂಖ್ಯೆಯೊಂದಕ್ಕೆ 8 ಬೈಟ್ ಜಾಗವನ್ನು ಬಳಸುತ್ತದೆ. ನಾಲ್ಕೂ ಅಂಕಣಗಳನ್ನು ಆ ರೂಪದಲ್ಲಿಯೇ ಇಟ್ಟರೆ ಕುಂತೂರಿನ ಒಂದು ವರ್ಷದ ಮಳೆಗೆ 11,21,280 ಬೈಟ್, ಅಂದರೆ ಸುಮಾರು 1 ಎಂ.ಬಿ. ಸಾಕು. ಹತ್ತು ವರ್ಷಗಳಿಗೆ 11 ಎಂ.ಬಿ. ಸಾಕು. ಮೊಬೈಲಿನಲ್ಲಿ ತೆಗೆದ ಕೆಲವೇ ಛಾಯಾಚಿತ್ರಗಳು ಇದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತವೆ.

ಈಗ ಇಡೀ ರಾಜ್ಯವನ್ನು ತೆಗೆದುಕೊಳ್ಳೋಣ. ಲೆಕ್ಕದ ಅನುಕೂಲಕ್ಕೆ 6,000 ಮಾಪಕಗಳೆಂದರೆ ಒಂದು ವರ್ಷಕ್ಕೆ 21,02,40,000 ಸಾಲುಗಳಾಗುತ್ತವೆ. ಒಂದೊಂದು ಅಂಕಣಕ್ಕೆ 1,68,19,20,000 ಬೈಟ್, ಅಂದರೆ ಸುಮಾರು 1.6 ಜಿ.ಬಿ. ಬೇಕು. ನಾಲ್ಕು ಅಂಕಣಗಳಿಗೆ ಸುಮಾರು 6.3 ಜಿ.ಬಿ. ಬೇಕು. ಕಚೇರಿಗಳಲ್ಲಿರುವ ಅನೇಕ ಗಣಕಯಂತ್ರಗಳ ಸ್ಮೃತಿ 4 ಅಥವಾ 8 ಜಿ.ಬಿ. ಮಾತ್ರ. ಅದರಲ್ಲಿಯೂ ಒಂದು ಭಾಗ ವಿಂಡೋಸ್ ಮೊದಲಾದ ಮೂಲ ವ್ಯವಸ್ಥೆಗೇ ಮೀಸಲು.

ಇಷ್ಟಕ್ಕೇ ಮುಗಿಯಲಿಲ್ಲ. ಕೋಷ್ಟಕವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಲು ಹೇಳಿದರೆ, ತಂತ್ರಾಂಶವು ಹಳೆಯ ಕೋಷ್ಟಕವನ್ನು ಹಾಗೆಯೇ ಉಳಿಸಿಕೊಂಡು ಜೋಡಿಸಿದ ಹೊಸ ಪ್ರತಿಯನ್ನು ಸಿದ್ಧಪಡಿಸುತ್ತದೆ. ಒಂದು ಗಳಿಗೆಯ ಮಟ್ಟಿಗಾದರೂ ಎರಡು ಪ್ರತಿಗಳು ಕಣದಲ್ಲಿರುತ್ತವೆ. 6.3 ಜಿ.ಬಿ.ಯ ಕೋಷ್ಟಕಕ್ಕೆ 12.5 ಜಿ.ಬಿ. ಬೇಕಾಗುವುದು ಹೀಗೆ. ದತ್ತಾಂಶದ ಗಾತ್ರದ ಎರಡು ಮೂರು ಪಟ್ಟು ಸ್ಮೃತಿ ಇರಲಿ ಎಂದು ಅನುಭವಿಗಳು ಹೇಳುವ ಮಾತಿಗೆ ಇದೇ ಕಾರಣ.

4. ತೊಡಕು ಕಾಣಿಸಿಕೊಳ್ಳುವ ಬಗೆ

ಸ್ಥಳಾಭಾವವು ಮೂರು ಬಗೆಯಲ್ಲಿ ಪ್ರಕಟವಾಗುತ್ತದೆ.

ಮೊದಲನೆಯದು ಸ್ಪಷ್ಟ ಸಂದೇಶ. ಆರ್ ತಂತ್ರಾಂಶವು “ಕೆನಾಟ್ ಅಲೋಕೇಟ್ ವೆಕ್ಟರ್ ಆಫ್ ಸೈಜ್ 1.6 ಜಿಬಿ” ಎಂಬ ಅರ್ಥದ ಇಂಗ್ಲಿಷ್ ವಾಕ್ಯವನ್ನು ತೋರಿಸಿ ಕೆಲಸವನ್ನು ನಿಲ್ಲಿಸುತ್ತದೆ. ಈ ಸಂದೇಶವನ್ನು ತಪ್ಪಾಗಿ ಓದುವವರೇ ಹೆಚ್ಚು. “ಯಂತ್ರದಲ್ಲಿ 8 ಜಿ.ಬಿ. ಇರುವಾಗ 1.6 ಜಿ.ಬಿ.ಗೆ ಜಾಗವಿಲ್ಲವೇ?” ಎಂದು ಕೇಳುವುದುಂಟು. ಅಲ್ಲಿ ಹೇಳಿರುವ ಗಾತ್ರ ಒಟ್ಟು ಬೇಡಿಕೆಯದಲ್ಲ. ಕಟ್ಟಕಡೆಗೆ ಕೇಳಿದ ಒಂದು ತುಂಡಿನದು ಮಾತ್ರ. ಅದಕ್ಕೆ ಮುನ್ನ ಕೇಳಿದ್ದೆಲ್ಲವೂ ಆಗಲೇ ಕಣವನ್ನು ತುಂಬಿಕೊಂಡಿರುತ್ತದೆ. ತುಂಬಿದ ಗಾಡಿಗೆ ಹೇರಲಾಗದ ಕೊನೆಯ ಮೂಟೆಯ ತೂಕವಷ್ಟೇ ಅದು.

ಎರಡನೆಯದು ನಿಧಾನ. ಸ್ಮೃತಿ ತುಂಬಿದಾಗ ಮೂಲ ವ್ಯವಸ್ಥೆಯು ಅದರ ಒಂದು ಭಾಗವನ್ನು ಡಿಸ್ಕಿಗೆ ಸಾಗಿಸಿ ಮತ್ತೆ ತರುತ್ತ ಕೆಲಸ ಸಾಗಿಸುತ್ತದೆ. ಕಣದಿಂದ ಕಣಜಕ್ಕೂ ಕಣಜದಿಂದ ಕಣಕ್ಕೂ ಹೊತ್ತು ತಿರುಗುವುದರಲ್ಲಿಯೇ ಹೊತ್ತು ಕಳೆಯುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಹಗಲೆಲ್ಲ ಹಿಡಿಯಬಹುದು.

ಮೂರನೆಯದು ಮಾತಿಲ್ಲದೆ ನಿಂತುಹೋಗುವುದು. ಲಿನಕ್ಸ್ ವ್ಯವಸ್ಥೆಯಲ್ಲಿ ಸ್ಮೃತಿ ತೀರ ಬರಿದಾದಾಗ ವ್ಯವಸ್ಥೆಯೇ ಹೆಚ್ಚು ಜಾಗ ಹಿಡಿದಿರುವ ಕೆಲಸವನ್ನು ಕೊನೆಗಾಣಿಸುತ್ತದೆ. ಅರ್ಧ ಬರೆದ ಫಲಿತಾಂಶದ ಕಡತವೊಂದು ಮಾತ್ರ ಡಿಸ್ಕಿನಲ್ಲಿ ಉಳಿದಿರಬಹುದು. ಅದನ್ನು ಪೂರ್ಣ ಕಡತವೆಂದು ಭಾವಿಸಿ ಬಳಸಿದಲ್ಲಿ ಆಗುವ ಹಾನಿ ಮೊದಲೆರಡಕ್ಕಿಂತ ಹೆಚ್ಚು.

5. ಕಾರಣವನ್ನು ಗುರುತಿಸುವುದು

ಪರಿಹಾರಕ್ಕೆ ಮುನ್ನ ಕಾರಣವನ್ನು ಗುರುತಿಸಬೇಕು. ಅದು ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತದೆ.

(ಅ) ನಿಜವಾದ ಗಾತ್ರ. ಮೇಲೆ ಹೇಳಿದಂತೆ 21 ಕೋಟಿ ಸಾಲುಗಳನ್ನು ಒಮ್ಮೆಗೇ ತರುವುದು.

(ಆ) ದುಂದು. ಬೇಡದ ಅಂಕಣಗಳನ್ನೂ ತರುವುದು, ಮುಗಿದ ಕೆಲಸದ ಮಧ್ಯಂತರ ಕೋಷ್ಟಕಗಳನ್ನು ತೆರವುಗೊಳಿಸದೆ ಇರುವುದು, ಹಿಂದಿನ ದಿನದ ಕೆಲಸವನ್ನೆಲ್ಲ ಉಳಿಸಿ ಮರುದಿನ ಹಾಗೆಯೇ ತೆರೆಯುವುದು.

(ಇ) ತಪ್ಪು ಜೋಡಣೆ. ಇದು ಅತ್ಯಂತ ಮುಖ್ಯವಾದುದು ಮತ್ತು ಅತಿ ಕಡಿಮೆ ಗಮನಕ್ಕೆ ಬರುವುದು. ದಿನದ ಮಳೆಯ ಕೋಷ್ಟಕವನ್ನು ದಿನದ ವಾಡಿಕೆ ಮಳೆಯ ಕೋಷ್ಟಕದೊಂದಿಗೆ ಹೋಲಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಎರಡರಲ್ಲಿಯೂ ಕುಂತೂರಿಗೆ 365 ಸಾಲುಗಳಿವೆ. ಊರು ಮತ್ತು ದಿನಾಂಕ ಎರಡನ್ನೂ ಆಧರಿಸಿ ಜೋಡಿಸಿದರೆ 365 ಸಾಲುಗಳೇ ಬರುತ್ತವೆ. ದಿನಾಂಕವನ್ನು ಮರೆತು ಊರನ್ನು ಮಾತ್ರ ಆಧರಿಸಿ ಜೋಡಿಸಿದರೆ ಒಂದು ಕೋಷ್ಟಕದ ಪ್ರತಿ ದಿನವೂ ಇನ್ನೊಂದರ ಎಲ್ಲ ದಿನಗಳೊಂದಿಗೆ ಕೂಡಿಕೊಂಡು 365 × 365, ಅಂದರೆ 1,33,225 ಸಾಲುಗಳಾಗುತ್ತವೆ. ರಾಜ್ಯದ 6,000 ಮಾಪಕಗಳಿಗೆ ಇದು 80 ಕೋಟಿ ಸಾಲುಗಳ ಸಮೀಪಕ್ಕೆ ಹೋಗುತ್ತದೆ. ಆಗ ಬರುವ ಸ್ಥಳಾಭಾವದ ಸಂದೇಶ ಉಪಕಾರವನ್ನೇ ಮಾಡಿದೆ, ತಪ್ಪು ಲೆಕ್ಕವನ್ನು ತಡೆದು ನಿಲ್ಲಿಸಿದೆ. ಇಲ್ಲಿ ಹೆಚ್ಚಿನ ಸ್ಮೃತಿಯುಳ್ಳ ಯಂತ್ರವನ್ನು ಖರೀದಿಸಿದರೆ ಸಂದೇಶ ಮಾಯವಾಗಿ ತಪ್ಪು ಮಾತ್ರ ಉಳಿಯುತ್ತದೆ.

ಊರಿನ ಹೆಸರನ್ನೇ ಆಧಾರವಾಗಿಟ್ಟುಕೊಂಡರೆ ಇನ್ನೊಂದು ತೊಡಕಿದೆ. ಕುಂತೂರು ಎಂಬ ಊರು ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲ್ಲೂಕಿನಲ್ಲಿಯೂ ಇದೆ. ಪಶ್ಚಿಮ ಘಟ್ಟದ ಅಡಿಯ ಆ ಸೀಮೆಯ ಮಳೆಯೆಲ್ಲಿ, ಕೊಳ್ಳೇಗಾಲದ ಬಯಲಿನ ಮಳೆಯೆಲ್ಲಿ! ಹೆಸರಿನಿಂದ ಜೋಡಿಸಿದ ಕೋಷ್ಟಕದಲ್ಲಿ ಎರಡೂ ಕುಂತೂರುಗಳು ಕಲೆತುಹೋಗುತ್ತವೆ. ತಾಲ್ಲೂಕಿನ ಹೆಸರನ್ನು ಸೇರಿಸಿದರೂ ಹಳೆಯ ದಾಖಲೆಗಳಿಗೆ ಅದು ಪೂರ್ತಿ ನೆರವಾಗುವುದಿಲ್ಲ. ಇಂದು ಹನೂರು ತಾಲ್ಲೂಕಿಗೆ ಸೇರಿದ ಊರುಗಳು ಹಿಂದಿನ ವರ್ಷಗಳ ದಾಖಲೆಯಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಕೆಳಗೇ ಇರುತ್ತವೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯು ಪ್ರತಿ ಗ್ರಾಮ ಪಂಚಾಯಿತಿಗೂ ಪ್ರತ್ಯೇಕ ಸಂಕೇತ ಸಂಖ್ಯೆಯನ್ನು ನೀಡಿದೆ. ಜೋಡಣೆಯು ಆ ಸಂಕೇತ ಸಂಖ್ಯೆ ಮತ್ತು ದಿನಾಂಕ ಎರಡರ ಆಧಾರದ ಮೇಲೆಯೇ ನಡೆಯಬೇಕು.

6. ಪರಿಹಾರದ ಕ್ರಮ

ಕೆಳಗಿನ ಕ್ರಮವನ್ನು ಮೇಲಿನಿಂದ ಕೆಳಕ್ಕೆ ಅನುಸರಿಸುವುದು ಸೂಕ್ತ. ವೆಚ್ಚವಿಲ್ಲದ ಕ್ರಮಗಳು ಮೊದಲು, ವೆಚ್ಚದ ಕ್ರಮ ಕೊನೆಗೆ.

ಒಂದು: ಅಳೆಯುವುದು. ಯಾವ ಕೋಷ್ಟಕ ಎಷ್ಟು ಜಾಗ ಹಿಡಿದಿದೆ ಎಂಬುದನ್ನು ತೋರಿಸುವ ಆದೇಶ ತಂತ್ರಾಂಶದಲ್ಲಿಯೇ ಇದೆ. ಜೋಡಣೆಯ ಮುಂಚೆ ಎಷ್ಟು ಸಾಲುಗಳಿದ್ದವು, ನಂತರ ಎಷ್ಟಾದವು ಎಂಬುದನ್ನು ಬರೆದಿಡಬೇಕು. ಸಾಲುಗಳು ಅಕಾರಣವಾಗಿ ಹೆಚ್ಚಿದ್ದರೆ ಮೇಲಿನ (ಇ) ಕಾರಣವೇ ಸರಿ.

ಎರಡು: ಯಂತ್ರ ಮತ್ತು ಆವೃತ್ತಿಯ ಪರಿಶೀಲನೆ. 32 ಬಿಟ್‌ನ ತಂತ್ರಾಂಶವು 4 ಜಿ.ಬಿ.ಗಿಂತ ಹೆಚ್ಚಿನ ಸ್ಮೃತಿಯನ್ನು ಬಳಸಲಾರದು. ಯಂತ್ರದಲ್ಲಿ 16 ಜಿ.ಬಿ. ಇದ್ದರೂ ಅದು ವ್ಯರ್ಥ. ವಿಂಡೋಸ್‌ನಲ್ಲಿ ಸ್ಮೃತಿಯ ಮಿತಿಯನ್ನು ಏರಿಸುವ ಮೆಮೊರಿ ಲಿಮಿಟ್ ಎಂಬ ಆದೇಶವನ್ನು ಹಳೆಯ ಕೈಪಿಡಿಗಳು ಸೂಚಿಸುತ್ತವೆ. 2022ರಲ್ಲಿ ಬಂದ ಆರ್ 4.2.0 ಆವೃತ್ತಿಯಿಂದ ಆ ಆದೇಶ ನಿಷ್ಕ್ರಿಯವಾಗಿದೆ. ವಿಂಡೋಸ್‌ನಲ್ಲಿ 32 ಬಿಟ್‌ನ ಬೆಂಬಲವೂ ಅಲ್ಲಿಗೆ ನಿಂತಿದೆ. ಆದುದರಿಂದ 64 ಬಿಟ್‌ನ ಇತ್ತೀಚಿನ ಆವೃತ್ತಿಯನ್ನು ಬಳಸುವುದೇ ಸರಿ.

ಮೂರು: ತೆರವುಗೊಳಿಸುವುದು. ಬೇಡವಾದ ಕೋಷ್ಟಕವನ್ನು ಆರ್.ಎಂ. ಎಂಬ ಆದೇಶದಿಂದ ತೆಗೆದುಹಾಕಬಹುದು. ತೆಗೆದ ಜಾಗವನ್ನು ಮರಳಿ ಪಡೆಯುವ ಗುಡಿಸುವ ಕೆಲಸವನ್ನು ತಂತ್ರಾಂಶ ತಾನಾಗಿಯೇ ಮಾಡುತ್ತದೆ. ಜಿ.ಸಿ. ಎಂಬ ಆದೇಶವನ್ನು ಮತ್ತೆ ಮತ್ತೆ ಕೊಡುವುದರಿಂದ ವಿಶೇಷ ಲಾಭವಿಲ್ಲ. ಕೋಷ್ಟಕವನ್ನು ಹೆಸರಿಟ್ಟು ಹಿಡಿದುಕೊಂಡಿರುವವರೆಗೆ ಯಾವ ಗುಡಿಸುವಿಕೆಯೂ ಅದನ್ನು ತೆಗೆಯುವುದಿಲ್ಲ.

ನಾಲ್ಕು: ಬೇಕಾದುದನ್ನು ಮಾತ್ರ, ತಕ್ಕ ರೂಪದಲ್ಲಿ ತರುವುದು. ಆರ್ ತಂತ್ರಾಂಶದಲ್ಲಿ ಪೂರ್ಣಾಂಕವೊಂದಕ್ಕೆ 4 ಬೈಟ್ ಸಾಕು. ಮಾಪಕದ ಸಂಖ್ಯೆ, ದಿನಾಂಕ, 1ರಿಂದ 96ರವರೆಗಿನ ವೇಳೆಯ ಸಂಖ್ಯೆ ಈ ಮೂರನ್ನೂ ಪೂರ್ಣಾಂಕವಾಗಿ ಇಟ್ಟರೆ 6.3 ಜಿ.ಬಿ.ಯ ಕೋಷ್ಟಕ 3.9 ಜಿ.ಬಿ.ಗೆ ಇಳಿಯುತ್ತದೆ. ಒಂದೇ ಒಂದು ದಾಖಲೆಯೂ ಇದರಿಂದ ನಷ್ಟವಾಗುವುದಿಲ್ಲ.

ಐದು: ಭಾಗ ಭಾಗವಾಗಿ ಮಾಡುವುದು. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ರೈತರಿಗೆ ಇದರ ತತ್ತ್ವವನ್ನು ಹೇಳಿಕೊಡಬೇಕಾಗಿಲ್ಲ. ಸುತ್ತಲಿನ ಎಲ್ಲ ಗದ್ದೆಗಳ ಕಬ್ಬೂ ಒಂದೇ ದಿನ ಕಾರ್ಖಾನೆಯ ಅಂಗಳಕ್ಕೆ ಬಂದರೆ ಗಾಡಿಗಳು ಅಲುಗಾಡಲಾರವು. ಕಟಾವಿನ ಸರದಿಯಂತೆ ಬಂದರೆ ಅದೇ ಅಂಗಳ, ಅದೇ ಗಾಣ ಇಡೀ ಹಂಗಾಮಿನ ಕಬ್ಬನ್ನು ಅರೆಯುತ್ತವೆ. ರಾಜ್ಯದ ಒಂದು ತಿಂಗಳ ದಾಖಲೆಯೆಂದರೆ 1,72,80,000 ಸಾಲುಗಳು; ನಾಲ್ಕು ಅಂಕಣಗಳಿಗೆ ಅರ್ಧ ಜಿ.ಬಿ.ಗಿಂತ ಸ್ವಲ್ಪ ಹೆಚ್ಚು. 8 ಜಿ.ಬಿ.ಯ ಯಂತ್ರಕ್ಕೆ ಇದು ಹಗುರವಾದ ಕೆಲಸ. ತಿಂಗಳಿಗೊಮ್ಮೆ ತಂದು, ದಿನವಾರು ಮೊತ್ತವನ್ನು ಬರೆದಿಟ್ಟು, ಅದನ್ನು ತೆರವುಗೊಳಿಸಿ ಮುಂದಿನ ತಿಂಗಳನ್ನು ತರುವುದು. ಹನ್ನೆರಡು ಸರದಿಗೆ ವರ್ಷ ಮುಗಿಯುತ್ತದೆ.

ಆರು: ಕಣಜದಲ್ಲಿಯೇ ಲೆಕ್ಕ ಮಾಡಿಸುವುದು. ಎಸ್‌ಕ್ಯೂಲೈಟ್, ಡಕ್‌ಡಿಬಿ ಮೊದಲಾದ ಉಚಿತ ದತ್ತಸಂಚಯ ತಂತ್ರಾಂಶಗಳಲ್ಲಿ ಮೂಲ ದಾಖಲೆ ಡಿಸ್ಕಿನಲ್ಲಿಯೇ ಉಳಿದು, ಮೊತ್ತಗಳು ಮಾತ್ರ ಸ್ಮೃತಿಗೆ ಬರುತ್ತವೆ. ಪ್ರತಿ ವರ್ಷ ಮಾಡಬೇಕಾದ ಲೆಕ್ಕಕ್ಕೆ ಇದೇ ಶಾಶ್ವತ ವ್ಯವಸ್ಥೆ.

ಏಳು: ಇಷ್ಟೆಲ್ಲ ಆದ ಮೇಲೂ ಸಾಲದಿದ್ದರೆ ಸ್ಮೃತಿಯನ್ನು ಹೆಚ್ಚಿಸುವುದು. ಖರೀದಿಯ ಪ್ರಸ್ತಾವನೆಯೊಂದಿಗೆ ಮೊದಲ ಆರು ಕ್ರಮಗಳನ್ನು ಅನುಸರಿಸಲಾಗಿದೆಯೇ ಎಂಬ ವಿವರವನ್ನು ಕೇಳುವುದು ಉಚಿತ.

7. ಭಾಗ ಮಾಡುವಾಗ ವಹಿಸಬೇಕಾದ ಎಚ್ಚರ

ಭಾಗಗಳ ಮೊತ್ತವನ್ನು ಕೂಡಿದರೆ ಒಟ್ಟು ಮೊತ್ತ ಬರುತ್ತದೆ. ಭಾಗಗಳ ಗರಿಷ್ಠಗಳಲ್ಲಿ ದೊಡ್ಡದೇ ಒಟ್ಟಿನ ಗರಿಷ್ಠ. ಆದರೆ ಭಾಗಗಳ ಸರಾಸರಿಗಳ ಸರಾಸರಿಯು ಒಟ್ಟಿನ ಸರಾಸರಿಯಾಗಬೇಕೆಂದಿಲ್ಲ. ಪ್ರತಿ ಭಾಗದಿಂದಲೂ ಮೊತ್ತ ಮತ್ತು ಎಣಿಕೆ ಎರಡನ್ನೂ ಬರೆದಿಟ್ಟು, ಕೊನೆಗೆ ಒಮ್ಮೆ ಮಾತ್ರ ಭಾಗಿಸಬೇಕು.

ಒಣಹವೆಯ ಲೆಕ್ಕದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಂದು ವರ್ಷ ಹಸ್ತ ಮಳೆ ಪೂರ್ತಿಯಾಗಿ ಕೈಕೊಟ್ಟು, ಸೆಪ್ಟೆಂಬರ್ 20ರಿಂದ ಅಕ್ಟೋಬರ್ 12ರವರೆಗೆ ಊರಿನಲ್ಲಿ ಹನಿ ಬೀಳಲಿಲ್ಲವೆಂದು ಭಾವಿಸೋಣ. ಅದು 23 ದಿನಗಳ ಒಣ ಅವಧಿ. ಮೂರು ವಾರಗಳನ್ನು ಮೀರಿದೆ. ಲೆಕ್ಕವನ್ನು ತಿಂಗಳವಾರು ತುಂಡರಿಸಿ ಮಾಡಿದರೆ ಸೆಪ್ಟೆಂಬರ್‌ನಲ್ಲಿ 11 ದಿನ, ಅಕ್ಟೋಬರ್‌ನಲ್ಲಿ 12 ದಿನ ಎಂದು ಎರಡು ಚಿಕ್ಕ ಅವಧಿಗಳಾಗಿ ಕಾಣುತ್ತದೆ. ಎರಡೂ ಮೂರು ವಾರಗಳನ್ನು ಮುಟ್ಟುವುದಿಲ್ಲ. ಹೊಲದಲ್ಲಿ ಬೆಳೆ ಒಣಗಿದ್ದರೂ ಕಾಗದದಲ್ಲಿ ಒಣಹವೆಯೇ ಇಲ್ಲ! ಹಿಂಗಾರಿನ ಮಳೆಯನ್ನು ನೆಚ್ಚಿರುವ ನಮ್ಮ ತಾಲ್ಲೂಕುಗಳಿಗೆ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ನಡುವಿನ ಈ ಗೆರೆ ಬಹಳ ದುಬಾರಿಯಾದುದು.

ಇದಕ್ಕೆ ಪರಿಹಾರ ಸುಲಭ. ಮೊದಲು ತಿಂಗಳವಾರು ಸರದಿಯಲ್ಲಿ ದಿನದ ಮೊತ್ತಗಳನ್ನು ಮಾತ್ರ ತೆಗೆಯಬೇಕು. ರಾಜ್ಯದ ಒಂದು ವರ್ಷದ ದಿನದ ಮೊತ್ತಗಳೆಂದರೆ 21,90,000 ಸಾಲುಗಳು. ಮಾಪಕದ ಸಂಖ್ಯೆ, ದಿನಾಂಕ, ಮೊತ್ತ ಎಂಬ ಮೂರು ಅಂಕಣಗಳಿಗೆ ಸುಮಾರು 50 ಎಂ.ಬಿ. ಇದನ್ನು ಒಟ್ಟಾಗಿ ಸ್ಮೃತಿಗೆ ತಂದು, ತಿಂಗಳ ಗೆರೆಯಿಲ್ಲದೆ ಒಣ ಅವಧಿಗಳನ್ನು ಎಣಿಸಬೇಕು.

8. ಪರಿಹಾರವೆಂದು ತೋರುವ ಅಪಾಯಗಳು

ಜಾಗ ಸಾಲದಾದಾಗ ಕೆಲಸ ಮುಗಿಸುವ ಆತುರದಲ್ಲಿ ಕೆಲವು ಅಡ್ಡದಾರಿಗಳನ್ನು ಹಿಡಿಯುವುದುಂಟು. ಇವು ಸಂದೇಶವನ್ನು ಹೋಗಲಾಡಿಸುತ್ತವೆ. ಜೊತೆಗೆ ಊರನ್ನೂ ಹೋಗಲಾಡಿಸುತ್ತವೆ.

ಮೊದಲ ಅಡ್ಡದಾರಿ ಹೋಬಳಿ ಸರಾಸರಿ. ಹೋಬಳಿಯೊಂದರ ನಾಲ್ಕು ಪಂಚಾಯಿತಿಗಳಲ್ಲಿ ಮೂರಕ್ಕೆ ವಾರದಲ್ಲಿ 40 ಮಿ.ಮೀ. ಮಳೆಯಾಗಿ ನಾಲ್ಕನೆಯದಕ್ಕೆ ಏನೂ ಆಗದಿದ್ದರೆ ಸರಾಸರಿ 30 ಮಿ.ಮೀ. ಆಗುತ್ತದೆ. ಆ ನಾಲ್ಕನೆಯ ಊರು ಈ ವರದಿಯಲ್ಲಿ ಮಳೆ ಬಂದ ಊರಾಗಿಯೇ ದಾಖಲಾಗುತ್ತದೆ.

ಎರಡನೆಯದು ಮಾದರಿ ಆಯ್ಕೆ. ನೂರರಲ್ಲಿ ಹತ್ತು ಸಾಲುಗಳನ್ನು ಮಾತ್ರ ತೆಗೆದುಕೊಳ್ಳುವ ಈ ವಿಧಾನ ರಾಜ್ಯದ ಸಾಮಾನ್ಯ ಚಿತ್ರವನ್ನು ತಿಳಿಯಲು ನ್ಯಾಯವಾದುದೇ. ಆದರೆ ಒಂದೊಂದು ಪಂಚಾಯಿತಿಗೂ ಪ್ರತ್ಯೇಕ ನಿರ್ಣಯ ಮಾಡಬೇಕಾದಲ್ಲಿ ಅದು ಸಲ್ಲದು.

ಮೂರನೆಯದು ದತ್ತಾಂಶವನ್ನು ಎಕ್ಸೆಲ್ ಹಾಳೆಗೆ ಸುರಿಯುವುದು. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲುಗಳಿಗೆ ಮಾತ್ರ ಅವಕಾಶ. ಹಳೆಯ ರೂಪದ ಕಡತದಲ್ಲಿ 65,536 ಮಾತ್ರ. ದಿನದ ಮೊತ್ತಗಳ 21,90,000 ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗುಳಿಯುತ್ತವೆ. ಕಡತ ಪೂರ್ಣವಾಗಿ ಬಂದಿಲ್ಲವೆಂಬ ಸೂಚನೆಯನ್ನು ಕಡೆಗಣಿಸಿ ಹಾಳೆಯನ್ನು ಉಳಿಸಿದರೆ ಮುಂದೆ ಆ ಕೊರತೆ ಯಾರ ಕಣ್ಣಿಗೂ ಬೀಳದು. ತಾಲ್ಲೂಕುಗಳನ್ನು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಜೋಡಿಸಿದ ಕಡತವಾದರೆ ಯಳಂದೂರು ಬರುವುದು ಕೊನೆಯ ಸಾಲುಗಳಲ್ಲಿ. ಮೊದಲು ಕಳೆದುಹೋಗುವ ತಾಲ್ಲೂಕುಗಳಲ್ಲಿ ಅದೂ ಒಂದಾಗುತ್ತದೆ. ಇಂತಹುದು ನಡೆಯಲಾರದೆಂದು ಭಾವಿಸುವಂತಿಲ್ಲ. 2020ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಸೋಂಕಿತರ ವಿವರಗಳನ್ನು ಹಳೆಯ ರೂಪದ ಎಕ್ಸೆಲ್ ಕಡತಗಳ ಮೂಲಕ ಸಾಗಿಸುವಾಗ ಸಾಲುಗಳ ಮಿತಿ ಮೀರಿ 15,841 ಪ್ರಕರಣಗಳು ಸಕಾಲದಲ್ಲಿ ಲೆಕ್ಕಕ್ಕೆ ಸೇರಲಿಲ್ಲ. ಅವರ ಸಂಪರ್ಕಕ್ಕೆ ಬಂದವರನ್ನು ಎಚ್ಚರಿಸುವ ಕೆಲಸವೂ ಅದರಿಂದ ತಡವಾಯಿತು. ಆರ್ ತಂತ್ರಾಂಶದ ಸಂದೇಶ ಕೆಲಸವನ್ನು ನಿಲ್ಲಿಸಿ ಕೊರತೆಯನ್ನು ಬಾಯಿಬಿಟ್ಟು ಹೇಳುತ್ತದೆ. ಹೆಚ್ಚು ಅಂಜಬೇಕಾದುದು ಹೇಳದೆ ಬಿಟ್ಟುಹೋಗುವ ಸಾಲುಗಳಿಗೆ.

9. ಸದಸ್ಯರು ವಿಚಾರಿಸಬೇಕಾದ ಅಂಶಗಳು

ತಂತ್ರಾಂಶವನ್ನು ನಡೆಸುವುದು ಸದಸ್ಯರ ಕೆಲಸವಲ್ಲ. ಆದರೆ ತಮ್ಮ ಪಂಚಾಯಿತಿಗೆ ಸಂಬಂಧಿಸಿದ ವರದಿಯನ್ನು ಸಭೆಯಲ್ಲಿ ಮಂಡಿಸಿದಾಗ ಕೆಳಗಿನ ಐದು ಪ್ರಶ್ನೆಗಳನ್ನು ಕೇಳುವುದು ಅವರ ಹಕ್ಕೂ ಹೌದು, ಕರ್ತವ್ಯವೂ ಹೌದು.

1) ಈ ವರದಿಯ ಅಂಕಿ ನಮ್ಮ ಪಂಚಾಯಿತಿಯ ಮಾಪಕದ್ದೇ ಅಥವಾ ಹೋಬಳಿಯ ಸರಾಸರಿಯೇ?

2) ವರ್ಷದ 35,040 ದಾಖಲೆಗಳಲ್ಲಿ ಎಷ್ಟು ಲೆಕ್ಕಕ್ಕೆ ಸೇರಿವೆ? ಮಾಪಕ ಕೆಟ್ಟು ಬಾರದೆ ಹೋದ ದಾಖಲೆಯನ್ನು ಸೊನ್ನೆ ಮಳೆಯೆಂದು ಎಣಿಸಲಾಗಿದೆಯೇ? ಬಾರದ ದಾಖಲೆ ಬೇರೆ, ಬಾರದ ಮಳೆ ಬೇರೆ.

3) ಕೋಷ್ಟಕಗಳನ್ನು ಊರಿನ ಹೆಸರಿನಿಂದ ಜೋಡಿಸಲಾಗಿದೆಯೇ ಅಥವಾ ಸಂಕೇತ ಸಂಖ್ಯೆಯಿಂದಲೇ?

4) ಮೂಲ ಕಡತದ ಸಾಲುಗಳ ಸಂಖ್ಯೆ ಮತ್ತು ಲೆಕ್ಕಕ್ಕೆ ಬಳಸಿದ ಸಾಲುಗಳ ಸಂಖ್ಯೆ ತಾಳೆಯಾಗುತ್ತವೆಯೇ?

5) ಒಣ ಅವಧಿಯನ್ನು ತಿಂಗಳ ಗೆರೆ ದಾಟಿ ಎಣಿಸಲಾಗಿದೆಯೇ?

ಉತ್ತರ ಸಮರ್ಪಕವೆನಿಸದಿದ್ದಲ್ಲಿ ತಮ್ಮ ಪಂಚಾಯಿತಿಯ ಮೂಲ ದಾಖಲೆಯನ್ನು ಲಿಖಿತವಾಗಿ ಕೋರಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ ಅವಕಾಶವೂ ಇದೆ. ಇಡೀ ರಾಜ್ಯದ ದತ್ತಾಂಶಕ್ಕೆ ಸಾಲದ ಗಣಕಯಂತ್ರವು ಒಂದು ಊರಿನ ದತ್ತಾಂಶಕ್ಕೆ ಧಾರಾಳವಾಗಿ ಸಾಲುತ್ತದೆ. ಕುಂತೂರಿನ ಹತ್ತು ವರ್ಷಗಳ 3,50,400 ಸಾಲುಗಳು ಎಕ್ಸೆಲ್‌ನ ಒಂದೇ ಹಾಳೆಯಲ್ಲಿ ಕೂಡ ಹಿಡಿಯುತ್ತವೆ. ಪಂಚಾಯಿತಿ ಕಚೇರಿಯ ಗಣಕಯಂತ್ರದಲ್ಲಿಯೇ, ಡೇಟಾ ಎಂಟ್ರಿ ಆಪರೇಟರ್ ಅವರ ನೆರವಿನಿಂದ, ದಿನದ ಮೊತ್ತಗಳನ್ನು ತೆಗೆದು ವರದಿಯೊಂದಿಗೆ ತಾಳೆ ನೋಡಬಹುದು. ಊರಿನ ಹಿರಿಯರು ನೆನಪಿಟ್ಟುಕೊಂಡಿರುವ ಮಳೆಯ ದಿನಗಳನ್ನೂ ಅದರ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಆದುದರಿಂದ, ಗಣಕಯಂತ್ರದಲ್ಲಿ ಜಾಗ ಸಾಲಲಿಲ್ಲ ಎಂಬುದು ಯಾವ ಊರಿನ ಅಂಕಿಯನ್ನು ಬಿಡುವುದಕ್ಕೂ ಕಾರಣವಾಗಲಾರದು. ಕೆಲಸವನ್ನು ಸರದಿಗೆ ತಂದರೆ ಇರುವ ಯಂತ್ರವೇ ಸಾಕಾಗುವ ಸಂದರ್ಭಗಳೇ ಹೆಚ್ಚು. ಮೇಲ್ಕಂಡ ಐದು ಪ್ರಶ್ನೆಗಳನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿಸಿ, ಮಳೆ ಮತ್ತು ಬೆಳೆ ಸಂಬಂಧಿತ ವರದಿಗಳನ್ನು ಸ್ವೀಕರಿಸುವಾಗ ಬಳಸಿಕೊಳ್ಳಬೇಕೆಂದು ಎಲ್ಲ ಮಾನ್ಯ ಸದಸ್ಯರಲ್ಲಿ ಕೋರಲಾಗಿದೆ.